ಸೂರ್ಯನು ತಿರುಗಿದರೂ ಪಂಚಾಂಗವು ತಿರುಗದು

ಪ್ರತಿ ವರ್ಷ ಜನವರಿ ೧೪ನೆಯ ಇಲ್ಲವೆ ೧೫ನೆಯ ತಾರೀಖಿಗೆ ಕನ್ನಡನಾಡಿನ ಮನೆಮನೆಗಳಲ್ಲಿ ಸಂಕ್ರಾಂತಿಯ ಸಡಗರವಿರುತ್ತದೆ. ಮಕ್ಕಳು ಎಳ್ಳು ಬೆಲ್ಲವನ್ನೂ ಕುಸುರೆಳ್ಳನ್ನೂ ಹಂಚುತ್ತಾರೆ. ಹಿರಿಯರು ಸ್ನಾನದಾನಗಳನ್ನು ಮಾಡುತ್ತಾರೆ. ಜೋಯಿಸರು ಪಂಚಾಂಗವನ್ನು ತೆರೆದು ಇಂದಿನಿಂದ ಉತ್ತರಾಯಣವು ಮೊದಲಾಯಿತೆಂದು ಸಾರುತ್ತಾರೆ. ಶಾಲೆಯಲ್ಲಿ ಗುರುಗಳೂ ಅದನ್ನೇ ಹೇಳಿಕೊಡುತ್ತಾರೆ. ಹಬ್ಬದ ಸಡಗರದ ವಿಷಯದಲ್ಲಿ ನಮ್ಮ ಆಕ್ಷೇಪಣೆ ಏನೂ ಇಲ್ಲ. ಆದರೆ ಅಂದು ಸಾರಲ್ಪಡುವ ಮಾತು ನಿಜವಲ್ಲ. ಸೂರ್ಯನು ಉತ್ತರಾಭಿಮುಖನಾಗುವುದು ಡಿಸೆಂಬರ ೨೧ಕ್ಕೆ ಅಥವಾ ೨೨ಕ್ಕೆ. ನಾವು ಅವನನ್ನು ಎದುರುಗೊಳ್ಳಲು ಹೊರಡುವ ಹೊತ್ತಿಗೆ ಅವನು ೨೩-೨೪ ದಿನಗಳ ದಾರಿಯನ್ನು ನಡೆದು ಮುಗಿಸಿರುತ್ತಾನೆ.

ಇದು ಜ್ಯೋತಿಷಿಗಳ ಒಳಜಗಳ, ನಮಗೇಕೆ ಎಂದು ವಾಚಕರು ಪುಟವನ್ನು ಮಗುಚಬಾರದು. ಕಾಲಗಣನೆಯು ಒಂದು ನಾಡಿನ ಸಾರ್ವಜನಿಕ ಸೊತ್ತು. ತೂಕ, ಅಳತೆ, ನಾಣ್ಯಗಳಂತೆ ಅದೂ ಎಲ್ಲರಿಗೂ ಒಂದೇ ಆಗಿರಬೇಕು, ಮತ್ತು ನಿಜವಾಗಿರಬೇಕು. ಇಂದು ನಮ್ಮ ಹಬ್ಬಗಳು ಒಂದು ಲೆಕ್ಕದಲ್ಲಿ ನಡೆಯುತ್ತಿವೆ. ನಮ್ಮ ರಾಷ್ಟ್ರೀಯ ದಿನಗಳು ಆಂಗ್ಲರು ಬಿಟ್ಟುಹೋದ ಇನ್ನೊಂದು ಲೆಕ್ಕದಲ್ಲಿ ನಡೆಯುತ್ತಿವೆ. ಸ್ವತಂತ್ರ ಭಾರತವು ತನ್ನದೆಂದು ಮಾಡಿಕೊಂಡ ಮೂರನೆಯ ಲೆಕ್ಕವು, ಋತುಗಳಿಗೆ ಸರಿಹೊಂದುವ ಲೆಕ್ಕವು, ಸರಕಾರದ ರಾಜಪತ್ರದ ತಲೆಯ ಮೇಲೆ ಅಚ್ಚಾಗಿ ಅಲ್ಲಿಯೇ ಉಳಿದುಬಿಟ್ಟಿದೆ. ಆ ಮೂರನೆಯದನ್ನು ಬಳಕೆಗೆ ತರಬೇಕು, ಅದರಲ್ಲಿಯೂ ಕನ್ನಡಿಗರು ಮುಂದಾಗಿ ತರಬೇಕು, ಎಂಬುದೇ ಈ ಲೇಖನದ ವಾದವಾಗಿರುತ್ತದೆ.

ನೆರಳಿನ ಸಾಕ್ಷಿ

ಕೇಳಿದ ಮಾತಿಗಿಂತ ಕಣ್ಣಾರೆ ಕಂಡ ಸಾಕ್ಷಿಗೆ ನ್ಯಾಯಸ್ಥಾನದಲ್ಲಿ ಬೆಲೆ ಹೆಚ್ಚು. ಆಕಾಶದ ಈ ಮೊಕದ್ದಮೆಯಲ್ಲಿ ಕಣ್ಣಾರೆ ಕಾಣಬಲ್ಲ ಸಾಕ್ಷಿಯು ನೆಟ್ಟಗೆ ನಿಲ್ಲಿಸಿದ ಒಂದು ಕೋಲು. ಅದಕ್ಕೆ ದೂರದರ್ಶಕ ಯಂತ್ರವೂ ಬೇಡ, ಗಣಿತದ ಪದವಿಯೂ ಬೇಡ. ನೂರು ಅಂಗುಲದ ಕೋಲನ್ನು ಧಾರವಾಡದ ಯಾವುದೊಂದು ಬಯಲಿನಲ್ಲಿಯಾದರೂ ನಿಲ್ಲಿಸಿ ನಡುಹಗಲಿನ ನೆರಳನ್ನು ದಿನದಿನವೂ ಅಳೆಯಿರಿ. ಡಿಸೆಂಬರ ೨೨ರ ಸುಮಾರಿಗೆ ಆ ನೆರಳು ವರ್ಷದಲ್ಲಿಯೇ ಅತಿ ಉದ್ದವಾಗಿ, ಹತ್ತಿರ ಹತ್ತಿರ ೮೧ ಅಂಗುಲವಿರುತ್ತದೆ. ಅಂದಿನಿಂದ ಅದು ಮೋಟಾಗುತ್ತ ಬರುತ್ತದೆ. ಸಂಕ್ರಾಂತಿಯ ದಿನ ಅಳೆದರೆ ೭೫ ಅಂಗುಲಕ್ಕೆ ಇಳಿದಿರುತ್ತದೆ. ದಕ್ಷಿಣಕ್ಕೆ ಹೋಗುತ್ತಿರುವ ಸೂರ್ಯನು ನೆರಳನ್ನು ಬೆಳೆಸುತ್ತಾನೆಯೇ ಹೊರತು ಕುಗ್ಗಿಸಲಾರನು. ಆರು ಅಂಗುಲ ಕುಗ್ಗಿದ ಆ ನೆರಳು ಪಂಚಾಂಗದ ವಿರುದ್ಧ ನಿಂತ ಸಾಕ್ಷಿಯಾಗಿದೆ. ಅದನ್ನು ಪಾಟೀಸವಾಲಿನಿಂದ ಕೆಡಿಸುವುದು ಯಾರಿಂದಲೂ ಸಾಧ್ಯವಿಲ್ಲ.

ಇನ್ನೊಂದು ಸಾಕ್ಷಿಯು ದೇವರ ಗುಡಿಯಲ್ಲಿಯೇ ಇದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಮಕರ ಸಂಕ್ರಾಂತಿಯ ಸಾಯಂಕಾಲ ಸೂರ್ಯಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಕಾಣಲು ಸಾವಿರಾರು ಜನರು ನೆರೆಯುತ್ತಾರೆ. ಆದರೆ ನವೆಂಬರ ತಿಂಗಳಿನ ಕೊನೆಯ ದಿನಗಳಲ್ಲಿಯೂ ಬೆಳಕು ಅದೇ ದಾರಿಯಿಂದ ಬಂದು ಲಿಂಗವನ್ನು ಮುಟ್ಟುತ್ತದೆಂಬುದನ್ನು ಆ ಗುಂಪಿನಲ್ಲಿ ಬಲ್ಲವರು ಕೆಲವರೇ. ಇದರ ಅರ್ಥವೇನು? ಸೂರ್ಯನು ನವೆಂಬರದ ಕೊನೆಗೆ ದಕ್ಷಿಣಕ್ಕೆ ಹೋಗುವಾಗ ಒಂದು ಸಲ, ಮರಳಿ ಬರುವಾಗ ಜನವರಿಯಲ್ಲಿ ಇನ್ನೊಂದು ಸಲ, ಆಕಾಶದ ಅದೇ ಸ್ಥಾನವನ್ನು ದಾಟುತ್ತಾನೆಂದು ಅರ್ಥ. ಆ ಎರಡು ದಿನಗಳ ನಟ್ಟನಡುವಿನ ದಿನವನ್ನು ಬೆರಳುಗಳ ಮೇಲೆ ಎಣಿಸಿ ನೋಡಿರಿ. ಅದು ಡಿಸೆಂಬರ ೨೨ರ ಸುಮಾರಿಗೇ ಬಂದು ನಿಲ್ಲುತ್ತದೆ. ನಾವು ಆಗಮನವೆಂದು ಆರತಿ ಎತ್ತುವ ಬೆಳಕು ಸೂರ್ಯನ ಪ್ರತ್ಯಾಗಮನದ ನಡುದಾರಿಯ ಬೆಳಕು.

ವರ್ಷಕ್ಕೆ ಒಂದು ಘಳಿಗೆ

ಈ ತಪ್ಪು ಹೇಗೆ ನುಸುಳಿತು? ಋತುಗಳು ಒಂದು ಸುತ್ತು ತಿರುಗಿ ಬರಲು ಹಿಡಿಯುವ ಕಾಲವು ೩೬೫.೨೪೨೨ ದಿನಗಳು. ಸೂರ್ಯಸಿದ್ಧಾಂತವು ಹೇಳುವ ವರ್ಷಮಾನವು ಸುಮಾರು ೩೬೫.೨೫೮೮ ದಿನಗಳು. ಎರಡರ ಅಂತರವು ಇಪ್ಪತ್ತನಾಲ್ಕು ನಿಮಿಷಗಳಿಗೆ ತೀರ ಹತ್ತಿರ, ಅಂದರೆ ನಮ್ಮ ಹಿರಿಯರ ಅಳತೆಯಲ್ಲಿ ಒಂದು ಘಳಿಗೆ. ಅರುವತ್ತು ಘಳಿಗೆಗಳು ಕೂಡಿದರೆ ಒಂದು ದಿನ. ಅರುವತ್ತು ವರ್ಷಗಳು ಕೂಡಿದರೆ ಪ್ರಭವದಿಂದ ಅಕ್ಷಯದ ವರೆಗಿನ ಒಂದು ಸಂವತ್ಸರಚಕ್ರ. ಆದುದರಿಂದ ಸಂವತ್ಸರಚಕ್ರವು ಒಂದು ಸಲ ತಿರುಗಿತೆಂದರೆ ಪಂಚಾಂಗವು ಋತುವಿಗಿಂತ ಒಂದು ದಿನ ಹಿಂದೆ ಬಿತ್ತೆಂದು ತಿಳಿಯಬೇಕು. ನಕ್ಷತ್ರಗಳನ್ನು ಕಣ್ಣಿಂದ ನೋಡಿ ತಿದ್ದಿದ ದೃಗ್ಗಣಿತದ ಪಂಚಾಂಗಗಳಲ್ಲಿ ಈ ಜಾರು ತುಸು ನಿಧಾನ, ಎಪ್ಪತ್ತು ವರ್ಷಗಳಿಗೆ ಒಂದು ದಿನ. ಆದರೆ ಅಲ್ಲಿಯೂ ಜಾರು ತಪ್ಪಿದ್ದಿಲ್ಲ. ಇದಕ್ಕೆ ಕಾರಣವು ಅಯನಚಲನೆ: ಭೂಮಿಯ ಅಕ್ಷವು ತಿರುಗುವ ಬುಗುರಿಯ ಮೊಳೆಯಂತೆ ನಿಧಾನವಾಗಿ ವಾಲುತ್ತ ಸುತ್ತುವುದರಿಂದ ಋತುಗಳ ಬಿಂದುಗಳು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುತ್ತವೆ.

ಮಕರ ರಾಶಿಯ ಪ್ರವೇಶವೂ ಉತ್ತರಾಯಣದ ಆರಂಭವೂ ಒಂದೇ ಕಾಲಕ್ಕೆ ಬರುತ್ತಿದ್ದದ್ದು ಸುಮಾರು ಹದಿನೈದು ಶತಮಾನಗಳ ಹಿಂದೆ. ಅಂದಿನಿಂದ ಅಂತರವು ಬೆಳೆಯುತ್ತಲೇ ಬಂದಿದೆ. ವಿವೇಕಾನಂದರು ಜನಿಸಿದ ೧೮೬೩ನೆಯ ಇಸವಿಯ ಜನವರಿ ೧೨ ಮಕರ ಸಂಕ್ರಾಂತಿಯ ದಿನವಾಗಿತ್ತು. ಇಂದು ಅದೇ ಸಂಕ್ರಾಂತಿಯು ೧೪ಕ್ಕೆ, ಕೆಲವು ವರ್ಷ ೧೫ಕ್ಕೆ ಬರುತ್ತಿದೆ. ಹೀಗೆಯೇ ಬಿಟ್ಟರೆ ಇನ್ನು ನಾಲ್ಕು ಸಾವಿರ ವರ್ಷಗಳಲ್ಲಿ ಸಂಕ್ರಾಂತಿಯು ಮಾರ್ಚ ತಿಂಗಳಿಗೆ ಹೋಗಿ ನಿಲ್ಲುವುದು. ಆಗ ಬೇಸಿಗೆಯ ಬಿಸಿಲಿನಲ್ಲಿ ಬೆವರೊರಸಿಕೊಳ್ಳುತ್ತ ನಮ್ಮ ಸಂತತಿಯವರು ಚಳಿಗಾಲದ ಎಳ್ಳನ್ನು ಮೆಲ್ಲುವರೇನು?

ಮಳೆಯ ನಕ್ಷತ್ರಗಳು

ನಾಲ್ಕು ಸಾವಿರ ವರ್ಷಗಳ ಮಾತು ದೂರವೆನ್ನುವವರು ಒಕ್ಕಲಿಗನ ಮಳೆಯ ಲೆಕ್ಕವನ್ನು ನೋಡಲಿ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಎಂದು ನಮ್ಮ ರೈತನು ಮಳೆಗೆ ಹೆಸರಿಟ್ಟು ಕರೆಯುತ್ತಾನೆ. ಯಾವ ಮಳೆಗೆ ಉಳಬೇಕು, ಯಾವ ಮಳೆಗೆ ಬಿತ್ತಬೇಕು, ಯಾವ ಮಳೆ ಬಂದರೆ ಪೈರಿಗೆ ಹಿತ, ಯಾವುದು ಅಹಿತ ಎಂಬ ಅನುಭವವನ್ನೆಲ್ಲ ಅವನ ಹಿರಿಯರು ಗಾದೆಗಳಲ್ಲಿ ಕಟ್ಟಿ ಕೊಟ್ಟಿರುತ್ತಾರೆ. ಈ ಹೆಸರುಗಳು ಸೂರ್ಯನು ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಸೂಚಿಸುತ್ತವೆ. ಮಳೆಯಾದರೋ ನಕ್ಷತ್ರವನ್ನು ಕೇಳಿ ಬರುವುದಿಲ್ಲ. ನೆತ್ತಿಯ ಕಡೆಗೆ ಬಂದ ಸೂರ್ಯನು ನೆಲವನ್ನು ಕಾಯಿಸಿ, ಸಮುದ್ರದ ಗಾಳಿಯನ್ನು ಸೆಳೆದಾಗ ಅದು ಬರುತ್ತದೆ. ಅದರ ಒಡೆಯನು ಋತು.

ಪಂಪನು ಆದಿಪುರಾಣವನ್ನು ಮುಗಿಸಿದ್ದು ಶಕ ೮೬೩ರಲ್ಲಿ, ಅಂದರೆ ಕ್ರಿ.ಶ. ೯೪೧ರಲ್ಲಿ. ಅಂದಿನಿಂದ ಇಂದಿನ ವರೆಗೆ ಋತುವಿಗೂ ನಕ್ಷತ್ರಕ್ಕೂ ಹದಿನೈದು ದಿನಗಳ ಅಂತರ ಬಿದ್ದಿದೆ. ಮುಂಗಾರಿನ ಮೊದಲ ಮಳೆ ಕರಾವಳಿಯನ್ನು ಮುಟ್ಟಿ ಘಟ್ಟವನ್ನು ಏರುವ ಜೂನ ತಿಂಗಳಿನ ಎರಡನೆಯ ವಾರದಲ್ಲಿ ಇಂದು ಸೂರ್ಯನು ಮೃಗಶಿರೆಯಲ್ಲಿರುತ್ತಾನೆ. ಪಂಪನ ಕಾಲದಲ್ಲಿ ಅದೇ ಋತುವಿಗೆ ಅವನು ಆರಿದ್ರೆಯಲ್ಲಿದ್ದನು. ಒಂದು ಸಾವಿರ ವರ್ಷಗಳಲ್ಲಿ ಮಳೆಯ ಲೆಕ್ಕವು ಒಂದು ನಕ್ಷತ್ರದಷ್ಟು ಜಾರಿತು. ತಾತನಿಂದ ಮೊಮ್ಮಗನಿಗೆ ಬರುವಷ್ಟರಲ್ಲಿ ಈ ಜಾರು ಕಣ್ಣಿಗೆ ಬೀಳುವುದಿಲ್ಲವಾದುದರಿಂದಲೇ ಅದು ಅಪಾಯಕರವಾದುದು. ಹಳೆಯ ಗಾದೆಯ ಹೆಸರು ಹಾಗೆಯೇ ಉಳಿದು, ಅದರ ಕೆಳಗಿನ ನೆಲ ಸರಿದುಹೋಗುತ್ತದೆ. ಮಳೆ ತಪ್ಪಿದ ವರ್ಷ ರೈತನು ತನ್ನ ಹಣೆಬರಹವನ್ನು ಹಳಿಯುತ್ತಾನೆ. ಹಳಿಯಬೇಕಾದ ಕಾರಣಗಳು ನೂರಿರಬಹುದು, ಅವುಗಳಲ್ಲಿ ಪಂಚಾಂಗದ ಲೆಕ್ಕವೂ ಒಂದೆಂದು ಅವನಿಗೆ ಯಾರೂ ತಿಳಿಸುವುದಿಲ್ಲ.

ಚಾಂದ್ರಮಾನದ ನಮ್ಮ ತಿಂಗಳುಗಳೂ ಈ ದೋಷಕ್ಕೆ ಹೊರತಲ್ಲ. ಅಧಿಕಮಾಸವನ್ನು ಯಾವಾಗ ಸೇರಿಸಬೇಕೆಂಬುದನ್ನು ನಿರ್ಣಯಿಸುವವು ಸಂಕ್ರಾಂತಿಗಳೇ. ಗೂಟವು ಸರಿದರೆ ಕಟ್ಟಿದ ಆಕಳೂ ಸರಿಯುತ್ತದೆ. ಹನ್ನೆರಡು ಸಂಕ್ರಾಂತಿಗಳೂ ಋತುಗಳಿಂದ ಸರಿಯುತ್ತಿರುವಾಗ ಯುಗಾದಿ, ದಸರೆ, ದೀಪಾವಳಿಗಳೆಲ್ಲವೂ ಅವುಗಳ ಬೆನ್ನು ಹತ್ತಿ ಸರಿಯುತ್ತಲೇ ಇರುತ್ತವೆ.

ಶಾಸ್ತ್ರದ ಹೆಸರಿನಲ್ಲಿ

ಇಲ್ಲಿ ಸನಾತನಿಗಳು ಎದ್ದು ನಿಂತು, ಶಾಸ್ತ್ರವನ್ನು ತಿದ್ದಲು ನೀವು ಯಾರು ಎಂದು ಕೇಳುವರು. ಶಾಸ್ತ್ರವೇ ಇದಕ್ಕೆ ಉತ್ತರ ಕೊಟ್ಟಿದೆ. ಲಗಧನ ವೇದಾಂಗ ಜ್ಯೋತಿಷವು ಉತ್ತರಾಯಣದ ಆರಂಭವನ್ನು ಧನಿಷ್ಠಾ ನಕ್ಷತ್ರದ ಮೊದಲಲ್ಲಿ ಹೇಳಿತು. ಕ್ರಿಸ್ತಶಕದ ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಆ ಹಳೆಯ ಮಾತನ್ನು ಗೌರವದಿಂದ ಸ್ಮರಿಸಿ, ಹಿಂದೆ ಹಾಗಿದ್ದಿರಬೇಕು, ಈಗ ಅಯನವು ಮಕರದ ಆದಿಯಿಂದ ನಡೆಯುತ್ತಿದೆ ಎಂದು ಸ್ಪಷ್ಟವಾಗಿ ಬರೆದನು. ಸಂಶಯ ಬಂದರೆ ಪ್ರತ್ಯಕ್ಷ ಪರೀಕ್ಷೆಯಿಂದ ತಿಳಿಯಬೇಕೆಂಬ ಮಾರ್ಗವನ್ನೂ ತೋರಿಸಿದನು. ವೇದಾಂಗವನ್ನೇ ಪ್ರತ್ಯಕ್ಷದ ಮುಂದೆ ತಿದ್ದಿಕೊಂಡ ಆಚಾರ್ಯನ ಹೆಸರು ಹೇಳಿ, ಅವನ ಕಾಲದ ಆಕಾಶವನ್ನು ನಮ್ಮ ಕಾಲಕ್ಕೆ ಮೊಳೆ ಹೊಡೆದು ನಿಲ್ಲಿಸುವುದು ಯಾವ ಗುರುಭಕ್ತಿ? ಅವನ ವಾಕ್ಯವನ್ನು ಹಿಡಿದುಕೊಂಡು ಅವನ ವಿಧಾನವನ್ನು ಬಿಟ್ಟವರು ತಾವು ಅವನ ಶಿಷ್ಯರೆಂದು ಹೇಳಿಕೊಳ್ಳಬಾರದು.

ಲೋಕಮಾನ್ಯ ತಿಲಕರು ೧೮೯೩ರಲ್ಲಿ ಪ್ರಕಟಿಸಿದ ‘ಓರಾಯನ್’ ಗ್ರಂಥದಲ್ಲಿ ವೇದಗಳ ಪ್ರಾಚೀನತೆಯನ್ನು ಸಾಧಿಸಲು ಹಿಡಿದ ಆಧಾರವು ಇದೇ ಅಯನಚಲನೆ. ವಸಂತ ಸಂಪಾತವು ಒಂದು ಕಾಲಕ್ಕೆ ಮೃಗಶಿರೆಯಲ್ಲಿದ್ದಿತೆಂಬುದರಿಂದ ಅವರು ಆ ಕಾಲವನ್ನು ಎಣಿಸಿದರು. ತಿಲಕರ ನಿರ್ಣಯದಿಂದ ಎದೆಯುಬ್ಬಿಸುವವರು ಆ ನಿರ್ಣಯಕ್ಕೆ ಅಡಿಗಲ್ಲಾದ ಗತಿಯನ್ನು ಪಂಚಾಂಗದಲ್ಲಿ ಮಾತ್ರ ಒಪ್ಪುವುದಿಲ್ಲವೆನ್ನುವುದು ನ್ಯಾಯವೇ? ಪಂಚಾಂಗ ಶುದ್ಧಿಗಾಗಿಯೂ ತಿಲಕರು ದುಡಿದವರು. ಅದೇ ಕಾಲದಲ್ಲಿ ನಮ್ಮ ನರಗುಂದದಲ್ಲಿ ೧೮೫೪ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತಕರರು ಶಾಲಾ ಶಿಕ್ಷಕರ ವೃತ್ತಿಯಲ್ಲಿದ್ದುಕೊಂಡೇ ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ಗಳನ್ನು ರಚಿಸಿ ಗ್ರಹಗಳ ಲೆಕ್ಕವನ್ನು ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದಿಸಿದರು. ಈ ಪತ್ರಿಕೆಯನ್ನು ಓದುವ ಶಿಕ್ಷಕರು ಈ ಹೆಸರನ್ನು ಮರೆಯಬಾರದು.

ಯೂರೋಪಿನ ಪಾಠ

ಇಂಗ್ಲಿಷ್ ತಾರೀಖು ಇರುವಾಗ ಬೇರೆ ಲೆಕ್ಕವೇಕೆ ಎನ್ನುವ ನವೀನರಿಗೂ ಒಂದು ಮಾತು. ಅವರು ಪೂಜಿಸುವ ಆ ತಾರೀಖೂ ಹುಟ್ಟಿನಿಂದ ಶುದ್ಧವಾಗಿರಲಿಲ್ಲ. ಜೂಲಿಯಸ್ ಸೀಜರನ ಹಳೆಯ ಲೆಕ್ಕವು ವರ್ಷಕ್ಕೆ ಹನ್ನೊಂದು ನಿಮಿಷಗಳಷ್ಟು ಉದ್ದವಾಗಿತ್ತು. ಆ ತಪ್ಪು ಕೂಡುತ್ತ ಹೋಗಿ ಹದಿನಾರನೆಯ ಶತಮಾನದ ಹೊತ್ತಿಗೆ ಹತ್ತು ದಿನಗಳಾದವು. ೧೫೮೨ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿಯು ಅಕ್ಟೋಬರ ೪ರ ಮರುದಿನವನ್ನು ೧೫ ಎಂದು ಸಾರಿದನು. ತಪ್ಪನ್ನು ತಿದ್ದಿದವನು ಪೋಪನೆಂಬ ಒಂದೇ ಕಾರಣಕ್ಕಾಗಿ ಇಂಗ್ಲೆಂಡು ೧೭೦ ವರ್ಷಗಳ ವರೆಗೆ ತಪ್ಪು ಲೆಕ್ಕವನ್ನೇ ಅಪ್ಪಿಕೊಂಡು ಕುಳಿತಿತು. ಕಡೆಗೆ ೧೭೫೨ರಲ್ಲಿ ಸಪ್ಟಂಬರ ೨ರ ಮರುದಿನವನ್ನು ೧೪ ಎಂದು ಎಣಿಸಬೇಕಾಯಿತು. ರಶಿಯಾ ದೇಶವು ೧೯೧೮ರಲ್ಲಿ ಜನವರಿ ೩೧ರಿಂದ ಫೆಬ್ರುವಾರಿ ೧೪ಕ್ಕೆ ಹಾರಿತು. ಆ ದೇಶದ ಅಕ್ಟೋಬರ ಕ್ರಾಂತಿಯ ಉತ್ಸವವು ನವೆಂಬರ ೭ಕ್ಕೆ ಬರುವುದಕ್ಕೆ ಕಾರಣವು ಇದೇ.

ನಮ್ಮ ತಪ್ಪು ಹತ್ತು ದಿನಗಳದ್ದಲ್ಲ, ಇಪ್ಪತ್ತನಾಲ್ಕು ದಿನಗಳದ್ದು. ಪರಧರ್ಮೀಯರ ದ್ವೇಷದಿಂದ ಇಂಗ್ಲಿಷರು ಕಳೆದ ೧೭೦ ವರ್ಷಗಳನ್ನು ನೋಡಿ ನಗುವ ಹಕ್ಕು ನಮಗಿಲ್ಲ. ನಾವು ನಮ್ಮವರೇ ಕಂಡುಹಿಡಿದ ಸತ್ಯವನ್ನು ದೂರವಿಟ್ಟಿದ್ದೇವೆ. ಇಂದು ನಮ್ಮ ಶಾಲೆಯ ಹುಡುಗನು ಭೂಗೋಳದ ಪುಸ್ತಕದಲ್ಲಿ ಡಿಸೆಂಬರ ೨೨ ಎಂದು ಓದಿ, ಅದೇ ವಾರದ ಹಬ್ಬದ ಪಾಠದಲ್ಲಿ ಜನವರಿ ೧೪ ಎಂದು ಓದುತ್ತಾನೆ. ಎರಡನ್ನೂ ಬಾಯಿಪಾಠ ಮಾಡಿ ಎರಡಕ್ಕೂ ಅಂಕಗಳನ್ನು ಪಡೆಯುತ್ತಾನೆ. ವಿಜ್ಞಾನವು ಪರೀಕ್ಷೆಗೆ, ಸಂಸ್ಕೃತಿಯು ಮನೆಗೆ, ಒಂದರ ಮಾತನ್ನು ಇನ್ನೊಂದು ಕೇಳಬೇಕಾಗಿಲ್ಲವೆಂಬ ದುಷ್ಟ ಪಾಠವನ್ನು ಅವನು ಎಳೆಯ ವಯಸ್ಸಿನಲ್ಲಿಯೇ ಕಲಿಯುತ್ತಾನೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹಾನಿ ಬೇರೊಂದಿಲ್ಲ.

ಹರಿದ ನಾಡು, ಹರಿದ ವರ್ಷ

ಏಕೀಕರಣದ ಮೊದಲು ಕನ್ನಡ ನಾಡು ಐದು ಆಡಳಿತಗಳಲ್ಲಿ ಹಂಚಿಹೋಗಿತ್ತೆಂಬುದು ವಾಚಕರಿಗೆ ಗೊತ್ತು. ಅದರ ವರ್ಷವೂ ಹಾಗೆಯೇ ಹರಿದಿತ್ತೆಂಬುದನ್ನು ಹಳೆಯ ಕಂದಾಯದ ದಫ್ತರಗಳನ್ನು ಬಿಚ್ಚಿದವರು ಬಲ್ಲರು. ಫಸಲಿ ಎಂಬ ಒಂದೇ ಹೆಸರಿನ ವರ್ಷವು ಮುಂಬಯಿ ಪ್ರಾಂತದ ಕೆಲವು ಭಾಗಗಳಲ್ಲಿ ಸೂರ್ಯನು ಮೃಗಶಿರೆಯನ್ನು ಹೊಕ್ಕ ದಿನ ಮೊದಲಾಗುತ್ತಿತ್ತು. ಮದ್ರಾಸ ಪ್ರಾಂತದಲ್ಲಿ ೧೮೫೫ರಿಂದೀಚೆಗೆ ಜುಲೈ ೧ಕ್ಕೆ ಮೊದಲಾಗುತ್ತಿತ್ತು. ನಿಜಾಮನ ಆಡಳಿತದಲ್ಲಿ ಇರಾಣದ ತಿಂಗಳುಗಳ ಹೆಸರು ಹೊತ್ತು ಅಕ್ಟೋಬರದಲ್ಲಿ ಮೊದಲಾಗುತ್ತಿತ್ತು. ಧಾರವಾಡದ, ಬಳ್ಳಾರಿಯ, ರಾಯಚೂರಿನ ಮೂವರು ಕನ್ನಡ ರೈತರು ಒಂದೇ ಮಳೆಗೆ ಬಿತ್ತಿ ಒಂದೇ ಬೆಳೆಯನ್ನು ಕೊಯ್ದರೂ ಅವರ ಸರಕಾರೀ ವರ್ಷಗಳು ಬೇರೆ ಬೇರೆ. ಇತ್ತ ತುಳುನಾಡಿನಲ್ಲಿ ಸೌರಮಾನದ ಬಿಸು ಹಬ್ಬವು ಏಪ್ರಿಲದ ನಡುವೆ ಹೊಸ ವರ್ಷವನ್ನು ತಂದರೆ, ಘಟ್ಟದ ಮೇಲೆ ಚಾಂದ್ರಮಾನ ಯುಗಾದಿಯು ಬೇರೆ ದಿನಕ್ಕೆ ತರುತ್ತದೆ.

ಭಾರತದ ಸ್ಥಿತಿಯೂ ಇದೇ ಆಗಿತ್ತು. ಆದುದರಿಂದ ೧೯೫೨ರಲ್ಲಿ ವೈಜ್ಞಾನಿಕ ಹಾಗೂ ಔದ್ಯೋಗಿಕ ಸಂಶೋಧನ ಮಂಡಲಿಯು ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ೧೯೫೫ರಲ್ಲಿ ಅದರ ವರದಿಯು ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದ ಜವಾಹರಲಾಲ ನೆಹರೂ ಅವರು, ದೇಶದಲ್ಲಿಯ ಪಂಚಾಂಗಗಳ ಈ ಬಹುವಿಧತೆಯು ಹಿಂದಿನ ರಾಜಕೀಯ ವಿಭಾಗಗಳ ಗುರುತೆಂಬ ಅಭಿಪ್ರಾಯವನ್ನು ಸೂಚಿಸಿದರು. ಸಾಹಾ ಅವರು ೧೯೫೬ರ ಫೆಬ್ರುವಾರಿಯಲ್ಲಿ ತೀರಿಕೊಂಡುದರಿಂದ ತಮ್ಮ ದುಡಿಮೆಯ ಫಲವನ್ನು ಕಾಣಲಿಲ್ಲ. ೧೯೫೬ರ ನವೆಂಬರ ೧ಕ್ಕೆ ಕನ್ನಡ ನಾಡು ಒಂದಾಯಿತು. ಐದು ತಿಂಗಳು ತುಂಬುವ ಮೊದಲೇ, ೧೯೫೭ರ ಮಾರ್ಚ ೨೨ಕ್ಕೆ, ಶಕ ೧೮೭೯ರ ಚೈತ್ರ ೧ ಎಂದು ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ನಾಡು ಕೂಡಿದ ಕಾಲದಲ್ಲಿಯೇ ವರ್ಷವೂ ಕೂಡಬಹುದಾಗಿತ್ತು. ಮೊದಲನೆಯದಕ್ಕಾಗಿ ಜನರು ಹೋರಾಡಿದ್ದರು, ಆದುದರಿಂದ ಅದು ನಿಂತಿತು. ಎರಡನೆಯದಕ್ಕಾಗ�ಿ ಯಾರೂ ಹೋರಾಡಿರಲಿಲ್ಲ, ಅದು ಕಾಗದದಲ್ಲಿ ಉಳಿಯಿತು.

ಆ ಪಂಚಾಂಗದ ರಚನೆಯನ್ನು ಒಂದು ಸಲ ನೋಡಿರಿ. ಚೈತ್ರ ೧ ಮಾರ್ಚ ೨೨ಕ್ಕೆ, ಅಂದರೆ ಹಗಲು ಇರುಳು ಸಮವಾಗುವ ದಿನದ ಮಗ್ಗುಲಿಗೆ. ಅಧಿಕ ದಿನವಿರುವ ವರ್ಷದಲ್ಲಿ ಮಾರ್ಚ ೨೧ಕ್ಕೆ. ಆಷಾಢ ೧ ಜೂನ ೨೨ಕ್ಕೆ, ಸೂರ್ಯನು ದಕ್ಷಿಣಕ್ಕೆ ತಿರುಗುವ ಸಂಧಿಯಲ್ಲಿ. ಆಶ್ವಿನ ೧ ಸಪ್ಟಂಬರ ೨೩ಕ್ಕೆ, ಮತ್ತೆ ಸಮರಾತ್ರಿ. ಪೌಷ ೧ ಡಿಸೆಂಬರ ೨೨ಕ್ಕೆ, ನಿಜವಾದ ಉತ್ತರಾಯಣ. ವೈಶಾಖದಿಂದ ಭಾದ್ರದ ವರೆಗೆ ಐದು ತಿಂಗಳುಗಳಿಗೆ ೩೧ ದಿನಗಳು, ಆಶ್ವಿನದಿಂದ ಫಾಲ್ಗುನದ ವರೆಗೆ ಆರಕ್ಕೆ ೩೦. ಚೈತ್ರಕ್ಕೆ ೩೦, ಅಧಿಕ ದಿನದ ವರ್ಷದಲ್ಲಿ ೩೧. ರೋಮದ ಅಧಿಪತಿಗಳ ಹೆಸರು ಹೊತ್ತ ಜುಲೈ, ಅಗಸ್ಟಗಳಿರುವ, ಹತ್ತನೆಯದೆಂಬ ಅರ್ಥದ ಹೆಸರಿಟ್ಟು ಹನ್ನೆರಡನೆಯ ತಿಂಗಳನ್ನು ಕರೆಯುವ ಲೆಕ್ಕಕ್ಕೂ ಇದಕ್ಕೂ ಹೋಲಿಸಿ, ಯಾವುದರಲ್ಲಿ ಬುದ್ಧಿ ಹೆಚ್ಚೆಂಬುದನ್ನು ವಾಚಕರೇ ಹೇಳಲಿ.

ಕಾಯದೆಯಲ್ಲಿ ಉಳಿದ ದಾಸ್ಯ

ಇಂತಹ ಪಂಚಾಂಗದ ಗತಿ ಏನಾಯಿತು? ಕೇಂದ್ರದ ರಾಜಪತ್ರದಲ್ಲಿ ಅದರ ತಾರೀಖು ಅಚ್ಚಾಗುತ್ತದೆ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸರಕಾರದ ‘ರಾಷ್ಟ್ರೀಯ ಪಂಚಾಂಗ’ವು ಪ್ರಕಟವಾಗುತ್ತ ಬಂದಿದೆ. ಈ ತಾರೀಖು ಹಾಕಿದ ಚೆಕ್ಕನ್ನು ಬ್ಯಾಂಕುಗಳು ಸ್ವೀಕರಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು ತಿಳಿಸಿದೆ. ಆದರೆ ಅಂತಹ ಚೆಕ್ಕನ್ನು ಬರೆಯುವವನಾರು? ೧೮೯೭ರ ಜನರಲ್ ಕ್ಲಾಜಸ್ ಕಾಯದೆಯನ್ನು ತೆರೆದು ನೋಡಿದರೆ ‘ತಿಂಗಳು’ ಎಂದರೂ ‘ವರ್ಷ’ ಎಂದರೂ ಬ್ರಿಟಿಷ್ ಕ್ಯಾಲೆಂಡರಿನಂತೆ ಎಣಿಸಿದ್ದೆಂದು ವ್ಯಾಖ್ಯೆ ಇದೆ. ೧೯೬೩ರಲ್ಲಿ, ರಾಷ್ಟ್ರೀಯ ಪಂಚಾಂಗವು ಬಂದು ಆರು ವರ್ಷಗಳಾದ ಮೇಲೆ, ನಮ್ಮವರೇ ಮಾಡಿದ ಲಿಮಿಟೇಶನ್ ಕಾಯದೆಯ ೨೪ನೆಯ ಕಲಮು, ಎಲ್ಲ ದಸ್ತಾವೇಜುಗಳನ್ನೂ ಗ್ರೆಗರಿಯ ಲೆಕ್ಕದಲ್ಲಿಯೇ ಬರೆದುವೆಂದು ಭಾವಿಸತಕ್ಕದ್ದೆಂದು ವಿಧಿಸಿತು. ಬ್ರಿಟಿಷರು ಹೋದರು, ಅವರ ಕ್ಯಾಲೆಂಡರು ಅವರ ಹೆಸರಿನೊಡನೆಯೇ ನಮ್ಮ ಕಾಯದೆಯಲ್ಲಿ ಕುಳಿತಿದೆ. ಲೋಕದೊಡನೆ ವ್ಯಾಪಾರ ವ್ಯವಹಾರಗಳಿಗಾಗಿ ಅದನ್ನು ಇಟ್ಟುಕೊಳ್ಳುವುದಕ್ಕೆ ನಮ್ಮ ವಿರೋಧವಿಲ್ಲ. ಮನೆಯ ಯಜಮಾನನಿಗೆ ಅಂಗಳದಲ್ಲಿಯೂ ಸ್ಥಳವಿಲ್ಲದಂತೆ ಅತಿಥಿಯನ್ನು ನಡುಮನೆಯಲ್ಲಿ ಕೂಡಿಸಬಾರದು, ಇಷ್ಟೇ.

ಕನ್ನಡಿಗರ ಹೊಣೆ

ಇದರಲ್ಲಿ ಕನ್ನಡಿಗರೇ ಏಕೆ ಮುಂದಾಗಬೇಕು? ಏಕೆಂದರೆ ಶಕವರ್ಷವನ್ನು ರಾಜಶಾಸನಗಳ ಲೆಕ್ಕವನ್ನಾಗಿ ಗಟ್ಟಿಗೊಳಿಸಿದವರಲ್ಲಿ ನಮ್ಮ ಬಾದಾಮಿಯ ಚಲುಕ್ಯರು ಮೊದಲ ಸಾಲಿನವರು. ಒಂದನೆಯ ಪುಲಿಕೇಶಿಯ ಬಾದಾಮಿಯ ಬಂಡೆಯ ಶಾಸನವು ಶಕ ೪೬೫ನೆಯ ವರ್ಷದ್ದು. ಶಕವರ್ಷವನ್ನು ಹೆಸರಿಸಿ ಹೇಳುವ ಅತಿ ಹಳೆಯ ಶಾಸನಗಳಲ್ಲಿ ಅದೂ ಒಂದು. ಮಂಗಳೇಶನು ಮೂರನೆಯ ಗುಹಾಲಯದಲ್ಲಿ ಶಕ ೫೦೦ನೆಯ ಕಾರ್ತಿಕ ಹುಣ್ಣಿಮೆಯನ್ನು ಕೆತ್ತಿಸಿದನು. ರವಿಕೀರ್ತಿಯು ಐಹೊಳೆಯಲ್ಲಿ ಶಕ ೫೫೬ನ್ನು ಬರೆದನು. ಹೆಸರು ಶಕರದಾದರೂ ಶತಮಾನಗಳ ಬಳಕೆಯಿಂದ ಅದನ್ನು ನಮ್ಮವರು ಶಾಲಿವಾಹನ ಶಕವೆಂದು ಕರೆದು ತಮ್ಮದಾಗಿ ಮಾಡಿಕೊಂಡರು.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಥೆಯು ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ೧೦೭೬ರಲ್ಲಿ ಅವನು ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ಚಾಲುಕ್ಯ ವಿಕ್ರಮ ವರ್ಷವನ್ನು ಸ್ಥಾಪಿಸಿದನು. ಅರ್ಧ ಶತಮಾನ ಅವನ ಆಳ್ವಿಕೆಯಲ್ಲಿ ಶಾಸನಗಳು ಆ ಲೆಕ್ಕದಲ್ಲಿಯೇ ಹುಟ್ಟಿದವು. ಅವನು ಅಳಿದ ಕೆಲವು ದಶಕಗಳಲ್ಲಿ ಅದೂ ಅಳಿಯಿತು, ಜನರು ಶಕವರ್ಷಕ್ಕೆ ಮರಳಿದರು. ಅಷ್ಟು ದೊಡ್ಡ ಚಕ್ರವರ್ತಿಯ ಆಜ್ಞೆಯಿಂದಲೂ ಒಂದು ಕಾಲಗಣನೆಯು ಬೇರೂರಲಿಲ್ಲ. ಹಾಗಾದರೆ ರಾಜಪತ್ರದ ಒಂದು ಸಾಲಿನಿಂದ ಬೇರೂರೀತೇ? ಅದು ಬೇರೂರುವುದು ಶಾಲೆಯ ಹಲಗೆಯಲ್ಲಿ, ಮನೆಯ ಕಾಗದದಲ್ಲಿ, ಊರ ಸಭೆಯ ಆಮಂತ್ರಣದಲ್ಲಿ.

ಈ ಪಂಚಾಂಗದ ಮೇಲೆ ಒಂದು ನಿಜವಾದ ಆಕ್ಷೇಪಣೆಯಿದೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಚಾಂದ್ರಮಾನದ ಚೈತ್ರವೆಂಬ ಹೆಸರನ್ನೇ ಸೌರಮಾಸಕ್ಕೂ ಇಟ್ಟುದರಿಂದ ಎರಡು ಚೈತ್ರಗಳು, ಎರಡು ಕಾರ್ತಿಕಗಳು ಉಂಟಾಗಿ ಜನರಿಗೆ ಗೊಂದಲವಾಗುತ್ತದೆ. ಇದು ನಿಜ. ಆದರೆ ‘ಸೌರ’ ಎಂಬ ಎರಡಕ್ಷರವನ್ನು ಮೊದಲಲ್ಲಿ ಸೇರಿಸಿದರೆ ಗೊಂದಲವು ತೀರುತ್ತದೆ. ಹಬ್ಬ ವ್ರತಗಳು ತಿಥಿಯ ಪ್ರಕಾರ ತಮ್ಮ ಚಾಂದ್ರಮಾಸಗಳಲ್ಲಿ ನಡೆಯಲಿ. ಮಕರ ರಾಶಿಯ ಹಬ್ಬವನ್ನು ಜನರು ತಮಗೆ ಒಗ್ಗಿದ ದಿನವೇ ಆಚರಿಸಲಿ. ಅಂದು ಮಕರ ಪ್ರವೇಶವೆಂದು ಹೇಳಿದರೆ ನಕ್ಷತ್ರದ ಲೆಕ್ಕದಲ್ಲಿ ಅದು ಸತ್ಯ. ಉತ್ತರಾಯಣವೆಂದು ಹೇಳಿದರೆ ಅಸತ್ಯ. ನಾವು ಬೇಡುವುದು ಅಸತ್ಯವನ್ನು ಬಿಡಬೇಕೆಂಬುದೊಂದನ್ನೇ.

ನಮ್ಮ ದೊಡ್ಡ ದಿನಗಳನ್ನು ಈ ಲೆಕ್ಕದಲ್ಲಿ ಬರೆದು ನೋಡಿರಿ. ಕಿತ್ತೂರಿನ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆಯು ಬಿದ್ದ ೧೮೨೪ರ ಅಕ್ಟೋಬರ ೨೩ ಶಕ ೧೭೪೬ರ ಸೌರ ಕಾರ್ತಿಕ ೧ ಆಗುತ್ತದೆ. ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ ೧೮೯೦ರ ಜುಲೈ ೨೦ ಆಷಾಢ ೨೯. ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ೧೯೩೮ರ ಏಪ್ರಿಲ ೨೫ ವೈಶಾಖ ೫. ಸ್ವಾತಂತ್ರ್ಯದ ದಿನ ಶ್ರಾವಣ ೨೪, ಗಣರಾಜ್ಯದ ದಿನ ಮಾಘ ೬, ನಾಡು ಒಂದಾದ ದಿನ ಕಾರ್ತಿಕ ೧೦. ಚಾಂದ್ರಮಾನದ ತಿಥಿಗಳಂತೆ ಈ ದಿನಗಳು ವರ್ಷದಿಂದ ವರ್ಷಕ್ಕೆ ಓಡಾಡುವುದಿಲ್ಲ. ಇಂಗ್ಲಿಷ್ ತಾರೀಖಿನಷ್ಟೇ ಗಟ್ಟಿಯಾಗಿ ನಿಲ್ಲುತ್ತವೆ. ಕಾರ್ತಿಕ ೧೦ ಎಂದು ಬರೆಯಲು ಕನ್ನಡಿಗನ ಕೈಗೆ ಏನು ಅಡ್ಡಿ?

ಆದುದರಿಂದ ನಮ್ಮ ಬೇಡಿಕೆಗಳು ಮೂರು. ರಾಜ್ಯ ಸರಕಾರವು ತನ್ನ ಎಲ್ಲ ಕಾಗದಪತ್ರಗಳಲ್ಲಿ ಸೌರ ಶಕದ ತಾರೀಖನ್ನು ಇಂಗ್ಲಿಷ್ ತಾರೀಖಿನ ಜೊತೆಗೆ ಕಡ್ಡಾಯವಾಗಿ ಬರೆಯಲಿ. ಪಂಚಾಂಗಕರ್ತರು ಉತ್ತರಾಯಣ, ದಕ್ಷಿಣಾಯನ, ವಿಷುವ ದಿನಗಳನ್ನು ಕಣ್ಣಿಗೆ ಕಾಣುವ ದಿನಗಳಿಗೇ ಅಚ್ಚು ಹಾಕಲಿ. ಮಳೆಯ ನಕ್ಷತ್ರಗಳ ಪಕ್ಕದಲ್ಲಿ ಸೌರ ತಾರೀಖನ್ನೂ ಕೊಟ್ಟು ರೈತನಿಗೆ ಜಾರದ ಒಂದು ಗುರುತನ್ನು ಒದಗಿಸಲಿ. ಶಿಕ್ಷಕರು ಯಾವ ಸರಕಾರದ ಸುತ್ತೋಲೆಗೂ ಕಾಯದೆ ಪ್ರತಿದಿನ ಹಲಗೆಯ ಮೇಲೆ ಎರಡು ತಾರೀಖುಗಳನ್ನು ಬರೆಯಲಿ.

ಮೊದಲನೆಯದಕ್ಕೆ ಅರ್ಜಿಗಳು ಬೇಕು, ಎರಡನೆಯದಕ್ಕೆ ವಾದಗಳು ಬೇಕು. ಮೂರನೆಯದಕ್ಕೆ ಒಂದು ಚೂರು ಸೀಮೆಸುಣ್ಣ ಸಾಕು. ಬರುವ ಪೌಷ ೧ಕ್ಕೆ ಪ್ರತಿಯೊಂದು ಕನ್ನಡ ಶಾಲೆಯ ಅಂಗಳದಲ್ಲಿ ಹುಡುಗರು ಕೋಲನ್ನು ನೆಟ್ಟು ನೆರಳನ್ನು ಅಳೆಯಲಿ. ಸಂಕ್ರಾಂತಿಯ ದಿನ ಮತ್ತೊಮ್ಮೆ ಅಳೆಯಲಿ. ಎರಡು ಅಳತೆಗಳನ್ನು ಬರೆದ ಆ ಚೀಟಿಯನ್ನು ಅವರು ಮನೆಗೆ ಒಯ್ದು ಪಂಚಾಂಗದ ಪಕ್ಕದಲ್ಲಿಟ್ಟು ತಮ್ಮ ಹಿರಿಯರಿಗೆ ತೋರಿಸಲಿ. ಉಳಿದುದನ್ನು ಆ ಚೀಟಿಯೇ ಮಾಡುವುದು.